ಸೋಪಿಗೆ ಉಣ್ಣೆ ಹೊದಿಸುವಾಗ ನಾನು ಅನುಸರಿಸುವ ಕ್ರಮ

ಉಣ್ಣೆ ಹೊದಿಸಿದ ಸೋಪಿನಲ್ಲಿ ಮೈ ಉಜ್ಜುವ ನಾರೂ ಸೋಪೂ ಒಂದೇ ಆಗಿರುತ್ತವೆ. ಹೊಲಿಗೆ ಬೇಡ, ಅಂಟು ಬೇಡ. ಉಣ್ಣೆಯ ಎಳೆಯ ಮೇಲೆ ಮನೆಯ ಹೆಂಚಿನ ಸಾಲಿನಂತೆ ಒಂದರ ಮೇಲೊಂದು ಕೂತ ಸಣ್ಣ ಪೊರೆಗಳಿವೆ. ಬಿಸಿನೀರು, ಸೋಪಿನ ಕ್ಷಾರ ತಾಗಿದಾಗ ಅವು ತೆರೆದುಕೊಳ್ಳುತ್ತವೆ. ಉಜ್ಜುತ್ತಾ ಹೋದಂತೆ ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಲಾಗದಂತೆ ಕುಗ್ಗುತ್ತವೆ.

ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ಹೆಣಿಗೆಗೆಂದು ಕೊಳ್ಳುವ ‘ಉಲ್ಲನ್’ ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ. ಎಷ್ಟು ಉಜ್ಜಿದರೂ ಅದು ಕೂಡುವುದಿಲ್ಲ. ಒಂದು ಎಳೆಗೆ ಬೆಂಕಿ ತಾಗಿಸಿ ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್. ವಾಷಿಂಗ್ ಮೆಷಿನ್‌ಗೆ ಹಾಕಬಹುದು ಎಂದು ಬರೆದ ಸೂಪರ್‌ವಾಶ್ ಉಣ್ಣೆಯೂ ಬೇಡ, ಅದರ ಪೊರೆಯನ್ನು ಮೊದಲೇ ಸವೆಸಿಯೋ ಮುಚ್ಚಿಯೋ ಇರುತ್ತಾರೆ. ನಾನು ಬಳಸುವುದು ನೂಲದೆ ಬರೀ ಬಾಚಿದ ಮೆರಿನೊ ಕುರಿಯ ಉಣ್ಣೆ, ಎಳೆಯ ದಪ್ಪ 18ರಿಂದ 23 ಮೈಕ್ರಾನ್. ನಮ್ಮ ಕಂಬಳಿ ಉಣ್ಣೆ ಒರಟು, ಕೂಡಲು ನಿಧಾನ. ಅದನ್ನು ಮೂರರಲ್ಲಿ ಒಂದು ಪಾಲು, ಹೊರಪದರಕ್ಕೆ ಮಾತ್ರ ಬೆರೆಸುತ್ತೇನೆ. ಕಾಫಿ ಕುಯ್ದು ಬಂದ ಕೈಗೆ, ಹಿಮ್ಮಡಿಗೆ ಆ ಒರಟೇ ಒಳ್ಳೆಯದು.

ಸೋಪು 100 ಗ್ರಾಂ, ಉಣ್ಣೆ 12 ಗ್ರಾಂ. ಪೊಟ್ಟಣದ ಮೇಲೆ ಗ್ರೇಡ್ 1, ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ) ಶೇ. 76ರ ಮೇಲೆ ಎಂದಿರುವ ಸೋಪು ನೋಡಿ ಕೊಳ್ಳುತ್ತೇನೆ. ಪಾರದರ್ಶಕ ಗ್ಲಿಸರಿನ್ ಸೋಪು ಕೆಲಸ ಮುಗಿಯುವ ಮೊದಲೇ ಕರಗಿ ಸಡಿಲವಾಗುತ್ತದೆ. ಅಂಚು ಚೂಪಾಗಿದ್ದರೆ ಚಾಕುವಿನಿಂದ ಹೆರೆದು ದುಂಡಗೆ ಮಾಡಲೇಬೇಕು, ಇಲ್ಲವಾದರೆ ಮೂಲೆಯಲ್ಲಿ ಉಣ್ಣೆ ಸರಿದು ಸೋಪು ಹೊರಗೆ ಇಣುಕುತ್ತದೆ. ಮೈಸೂರು ಸ್ಯಾಂಡಲ್‌ನಂಥ ಅಂಡಾಕಾರದ ಸೋಪಿಗೆ ಈ ಕೆಲಸವೇ ಇಲ್ಲ.

ಉಣ್ಣೆಯನ್ನು ಕತ್ತರಿಸಬೇಡಿ, ಎಳೆದು ಬಿಡಿಸಿ. 4 ಗ್ರಾಮಿನ ಮೂರು ಪಾಲು. ಮೊದಲನೆಯದನ್ನು ಉದ್ದಕ್ಕೆ, ಎರಡನೆಯದನ್ನು ಅಡ್ಡಕ್ಕೆ, ಮೂರನೆಯದನ್ನು ಮತ್ತೆ ಉದ್ದಕ್ಕೆ ಬಿಗಿಯಾಗಿ ಸುತ್ತುತ್ತೇನೆ. ಒಂದೇ ದಿಕ್ಕಿಗೆ ಸುತ್ತಿದರೆ ಬಾಳೆನಾರಿನಂತೆ ಸೀಳಿಕೊಳ್ಳುತ್ತದೆ. ಬಣ್ಣಕ್ಕೆ ಅರಿಸಿನ ಬಳಸುವವರು ನೆನಪಿಡಬೇಕು: ಸುಣ್ಣ ತಗುಲಿದ ಅರಿಸಿನ ಕುಂಕುಮವಾಗುವಂತೆ ಇಲ್ಲೂ ಸೋಪಿನ ಕ್ಷಾರಕ್ಕೆ ಅದು ಕೆಂಪಗಾಗುತ್ತದೆ.

ಸುತ್ತಿದ್ದನ್ನು ಹಳೆಯ ನೈಲಾನ್ ಕಾಲುಚೀಲದೊಳಗೆ ಇಳಿಸಿ ಗಂಟು ಹಾಕಿ, ಕೈ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಬೇಕು. ಮೊದಲ ಐದು ನಿಮಿಷ ಉಜ್ಜಲೇಬಾರದು. ಎರಡು ಅಂಗೈ ನಡುವೆ ಒತ್ತಿ ಬಿಡುವುದು, ಮಗ್ಗುಲು ಬದಲಿಸುವುದು, ಮತ್ತೆ ಒತ್ತುವುದು. ಉಣ್ಣೆಯೊಳಗಿನ ಗಾಳಿ ಹೋಗಿ ಅದು ಸೋಪಿಗೆ ಅಂಟಿಕೊಳ್ಳುವ ಹೊತ್ತು ಇದು. ಆತುರಪಟ್ಟು ಉಜ್ಜಿದರೆ ಉಣ್ಣೆ ಒಂದು ಕಡೆ ಗುಪ್ಪೆಯಾಗುತ್ತದೆ, ಅಂಚಿನಲ್ಲಿ ನೆರಿಗೆ ಏಳುತ್ತದೆ. ಆ ನೆರಿಗೆ ಗಟ್ಟಿಯಾದ ಮೇಲೆ ಕತ್ತರಿಯೊಂದೇ ದಾರಿ. ಕತ್ತರಿಸಿದ ಜಾಗಕ್ಕೆ ಹೊಸ ಉಣ್ಣೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ.

ನೊರೆ ಹೊರಗೆ ಬಂದ ಮೇಲೆ ಐದು ನಿಮಿಷ ಹಗುರವಾಗಿ ಉಜ್ಜಿ, ಕಾಲುಚೀಲವನ್ನು ಒಳಹೊರಗೆ ಮಗುಚುತ್ತಾ ನಿಧಾನಕ್ಕೆ ಸುಲಿಯುತ್ತೇನೆ. ತಡಮಾಡಿದರೆ ಎಳೆಗಳು ನೈಲಾನಿನ ಕಣ್ಣುಗಳೊಳಗೆ ನುಗ್ಗಿ ಕೂರುತ್ತವೆ. ಆಮೇಲೆ ಬಿದಿರಿನ ಚಾಪೆಯ ಮೇಲೆ ಹತ್ತು ನಿಮಿಷ, ಈಗ ಜೋರಾಗಿ, ಅಂಚುಗಳನ್ನೂ ಬಿಡದೆ. ಎರಡು ಬೆರಳಲ್ಲಿ ಚಿವುಟಿ ನೋಡಿ. ಬಿಡಿ ಎಳೆ ಎದ್ದು ಬಂದರೆ ಇನ್ನೂ ಆಗಿಲ್ಲ, ಹೊದಿಕೆಯೇ ಚರ್ಮದಂತೆ ಒಟ್ಟಿಗೆ ಎದ್ದರೆ ಆಯಿತು. ತಣ್ಣೀರಲ್ಲಿ ನೊರೆ ತೊಳೆದು ಬಟ್ಟೆಯಲ್ಲಿ ಒತ್ತಿ. ನೀರಲ್ಲಿ ಮುಳುಗಿಸಿ ಇಡಬೇಡಿ, ಒಳಗಿನ ಸೋಪು ಕರಗಿ ಹೊದಿಕೆ ಜೋಲುತ್ತದೆ.

ಕೊಡಗಿನಲ್ಲಿ ನಿಜವಾದ ಕಷ್ಟ ಒಣಗಿಸುವುದು. ಜನವರಿಯಲ್ಲಿ ಗಾಳಿಯಾಡುವ ನೆರಳಲ್ಲಿ ಎರಡು ದಿನ ಸಾಕು. ಕಾಫಿ ಕಣದ ಬಿಸಿಲಿಗೆ ಹಾಕಬಾರದು, ಸೋಪು ಮೆತ್ತಗಾಗುತ್ತದೆ. ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳಾದ ಕಕ್ಕಡದ ಮಳೆಯಲ್ಲಾದರೆ ವಾರ ಹಿಡಿದರೂ ಆಶ್ಚರ್ಯವಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಬೇಗ ಒಣಗುತ್ತದೆ, ಆದರೆ ಹೊಗೆಯ ವಾಸನೆ ಹೋಗುವುದೇ ಇಲ್ಲ. ತಂತಿ ಜಾಲರಿಯ ಮೇಲಿಟ್ಟು ಫ್ಯಾನ್ ಹಾಕುವುದೇ ಸರಿ, ದಿನಕ್ಕೆರಡು ಸಲ ಮಗುಚಬೇಕು. ಕೈಗೆ ಒಣಗಿದಂತೆ ಕಂಡರೆ ನಂಬಬೇಡಿ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಹೀರಿಯೂ ಒದ್ದೆ ಅನಿಸುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ತೂಗುತ್ತೇನೆ, ಎರಡು ದಿನ ಒಂದೇ ತೂಕ ಬಂದ ಮೇಲೆಯೇ ಕಟ್ಟುವುದು. ಕಟ್ಟಲು ಪ್ಲಾಸ್ಟಿಕ್ ಬೇಡ, ಮುಗ್ಗಲು ವಾಸನೆ ಬರುತ್ತದೆ. ಕಾಗದ ಸಾಕು.

ಕೊಂಡವರಿಗೆ ಹೇಳುವುದಿಷ್ಟೇ: ನೀರು ಇಳಿಯುವ ತಟ್ಟೆಯಲ್ಲಿಡಿ, ಮಳೆಗಾಲದಲ್ಲಿ ಎರಡು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ. ಸೋಪು ಸವೆದಂತೆ ಉಣ್ಣೆಯೂ ಕುಗ್ಗುತ್ತಾ ಬರುತ್ತದೆ. ಪೂರ್ತಿ ಮುಗಿದ ಮೇಲೆ ಒಂದು ಅಂಚು ಸೀಳಿ ಒಳಗೆ ಚೂರು ಸೋಪು ತುಂಬಿದರೆ ಇನ್ನೂ ಕೆಲವು ದಿನ ಬರುತ್ತದೆ.