ಲಿನಕ್ಸ್‌ನಲ್ಲಿ ಬಾಹ್ಯಾಕಾಶ ಗೇಮ್ ಲೋಡ್ ಆಗುವಾಗಲೇ ಮುಚ್ಚಿಕೊಳ್ಳುತ್ತಿದ್ದರೆ

ವಿಂಡೋಸ್‌ಗೆ ಬರೆದ ದೊಡ್ಡ ಬಾಹ್ಯಾಕಾಶ ವ್ಯಾಪಾರ-ಯುದ್ಧದ ಗೇಮ್ ಒಂದನ್ನು ವೈನ್ (ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಮೂಲಕ ಆಡುತ್ತೇನೆ. ಮೆನು ಸರಿಯಾಗಿ ಬರುತ್ತಿತ್ತು. ನಿಲ್ದಾಣ ಲೋಡ್ ಆಗುವಾಗ ಗೇಮ್ ಸುಮ್ನೆ ಮುಚ್ಚಿಕೊಳ್ಳುತ್ತಿತ್ತು. ಎರರ್ ಮೆಸೇಜ್ ಕೂಡ ಇಲ್ಲ.

ಗ್ರಾಫಿಕ್ಸ್ ಡ್ರೈವರ್ ಮತ್ತೆ ಹಾಕಿದೆ, ವೈನ್ ಆವೃತ್ತಿ ಬದಲಿಸಿದೆ, ಶೇಡರ್ ಕ್ಯಾಶ್ (ಉಳಿಸಿಟ್ಟ ಗ್ರಾಫಿಕ್ಸ್ ಕೋಡ್) ಅಳಿಸಿದೆ, ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಜಾಸ್ತಿ ಮಾಡಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ರ್‍ಯಾಮ್ ಇನ್ನೂ ಖಾಲಿ ಇರುವಾಗಲೇ ಗೇಮ್ ಬೀಳುತ್ತಿತ್ತು, ಸುಳಿವು ಸಿಕ್ಕಿದ್ದು ಅಲ್ಲೇ. ಪ್ರೋಕ್ ಫೋಲ್ಡರ್‌ನಲ್ಲಿ ಗೇಮ್‌ನ ಪ್ರಾಸೆಸ್ ನಂಬರಿನೊಳಗೆ 'ಮ್ಯಾಪ್ಸ್' ಅನ್ನೋ ಫೈಲ್ ಇರುತ್ತದೆ. ಬೀಳುವ ಮುಂಚೆ ಅದರ ಸಾಲುಗಳು 65530ರ ಹತ್ತಿರ ಇದ್ದವು. ಒಂದು ಪ್ರಾಸೆಸ್‌ಗೆ ಎಷ್ಟು ಮೆಮೊರಿ ಮ್ಯಾಪ್ (ಅದು ಬಳಸುವ ಮೆಮೊರಿಯ ಪ್ರತ್ಯೇಕ ತುಂಡು) ಇರಬಹುದು ಅನ್ನೋದಕ್ಕೆ ಕರ್ನಲ್‌ನ (ಲಿನಕ್ಸ್‌ನ ತಿರುಳು) ಮೂಲ ಮಿತಿ ಇದೇ.

ಮಿತಿಯ ಹೆಸರು ವಿಎಂ ಡಾಟ್ ಮ್ಯಾಕ್ಸ್ ಅಂಡರ್‌ಸ್ಕೋರ್ ಮ್ಯಾಪ್ ಅಂಡರ್‌ಸ್ಕೋರ್ ಕೌಂಟ್. ಮೊದಲು ಕರ್ನಲ್ ಸೆಟ್ಟಿಂಗ್‌ಗಳನ್ನು ನೋಡಲು, ಬದಲಿಸಲು ಇರುವ ಸಿಸ್‌ಸಿಟಿಎಲ್ ಕಮಾಂಡ್‌ನಿಂದ ಅದರ ಈಗಿನ ಮೌಲ್ಯ ನೋಡಿ. ಕೆಲವು ಹೊಸ ಡಿಸ್ಟ್ರೋಗಳಲ್ಲಿ (ಲಿನಕ್ಸ್‌ನ ಬೇರೆ ಬೇರೆ ರೂಪಗಳು) ಆಗಲೇ 1048576 ಇರುತ್ತದೆ. ಆಮೇಲೆ ಇಟಿಸಿ ಒಳಗಿನ 'ಸಿಸ್‌ಸಿಟಿಎಲ್ ಡಾಟ್ ಡಿ' ಫೋಲ್ಡರ್‌ನಲ್ಲಿ, ರೂಟ್ (ಅಡ್ಮಿನ್) ಆಗಿ, 99ರಿಂದ ಶುರುವಾಗಿ 'ಡಾಟ್ ಕಾನ್ಫ್' ಎಂದು ಮುಗಿಯುವ ಫೈಲ್ ಮಾಡಿ. 99 ಯಾಕೆ ಅಂದರೆ, ಫೈಲುಗಳು ಹೆಸರಿನ ಕ್ರಮದಲ್ಲಿ ಓದಲ್ಪಡುತ್ತವೆ, ಕೊನೆಯ ಫೈಲಿನ ಮೌಲ್ಯವೇ ಉಳಿಯುತ್ತದೆ. ಒಳಗೆ ಒಂದೇ ಸಾಲು: ಆ ಮಿತಿಯ ಹೆಸರು, ಸಮ ಚಿಹ್ನೆ, 16777216. ನಂತರ ಸುಡೋ ಜೊತೆ ಸಿಸ್‌ಸಿಟಿಎಲ್‌ಗೆ 'ಸಿಸ್ಟಮ್' ಆಯ್ಕೆ ಕೊಟ್ಟು ಓಡಿಸಿ, 'ಸಿಸ್ಟಮ್' ಪದಕ್ಕೆ ಮೊದಲು ಎರಡು ಹೈಫನ್ ಇರಲಿ. ಮೌಲ್ಯ ಬದಲಾಗಿದೆಯೇ ಎಂದು ಇನ್ನೊಮ್ಮೆ ನೋಡಿ, ಗೇಮ್ ಶುರು ಮಾಡಿ. ರೀಬೂಟ್ ಬೇಕಿಲ್ಲ.