ಹುಡುಗಿಯರ ಓದಿಗೆ ನೆರವು: ಫೀಸಿಗಿಂತ ಮಿಕ್ಕ ಖರ್ಚೇ ಜಾಸ್ತಿ

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು ಮುಂಬಯಿಯ ಪ್ರತಿ ಕನ್ನಡ ಸಂಘದಲ್ಲೂ ಸಿಗುತ್ತಾರೆ. ಹೆಚ್ಚಿನವರು ಗಂಡಸರೇ. ಈಗ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಹೆಣ್ಣುಮಕ್ಕಳೂ ಇಲ್ಲಿ ಓದುತ್ತಿದ್ದಾರೆ. ನಿಮ್ಮ ಸೊಸೈಟಿಯ ನಾಲ್ಕೈದು ಮನೆಯ ಅಪ್ಪ-ಅಮ್ಮಂದಿರು ಸೇರಿದರೆ ಒಬ್ಬಳ ಓದನ್ನಾದರೂ ನಿಲ್ಲದಂತೆ ನೋಡಿಕೊಳ್ಳಬಹುದು.

ಮೊದಲು ಟೀಚರನ್ನು ಕೇಳಿ

ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಓದು 6ರಿಂದ 14 ವರ್ಷದವರೆಗೆ, ಅಂದರೆ ಎಂಟನೇ ಕ್ಲಾಸಿನವರೆಗೆ. ತೊಂದರೆ ಹೆಚ್ಚಾಗುವುದು ಆಮೇಲೆ. ಹಾಗಾಗಿ ಎಂಟು, ಒಂಬತ್ತನೇ ಕ್ಲಾಸಿನ ಟೀಚರನ್ನು ಭೇಟಿಯಾಗಿ. ಯಾರು ವಾರಕ್ಕೆರಡು ದಿನ ತಪ್ಪಿಸುತ್ತಾರೆ, ಯಾಕೆ ಅಂತ ಅವರಿಗೆ ಗೊತ್ತಿರುತ್ತದೆ.

ಕಾರಣ ಹಲವು ಸಲ ಫೀಸು ಆಗಿರುವುದೇ ಇಲ್ಲ. ಅಪ್ಪ-ಅಮ್ಮ ಇಬ್ಬರೂ ಸೈಟಿಗೆ ಹೋದರೆ ಎರಡು ವರ್ಷದ ತಮ್ಮನನ್ನು ಯಾರು ನೋಡಿಕೊಳ್ಳಬೇಕು? ಅಕ್ಕನೇ ಅಲ್ವಾ. ಅಂಥ ಮನೆಯಲ್ಲಿ ತಮ್ಮನನ್ನು ಬಿಡುವ ಕಡೆಗೆ ತಿಂಗಳ ಹಣ ಕಟ್ಟಿದರೆ ಅಕ್ಕ ಕ್ಲಾಸಿನಲ್ಲಿ ಕೂರುತ್ತಾಳೆ. ಇನ್ನೊಬ್ಬಳಿಗೆ ಸ್ಟೇಷನ್ನಿನಿಂದ ಶೇರ್ ರಿಕ್ಷಾ ಖರ್ಚು, ಮತ್ತೊಬ್ಬಳಿಗೆ ಪ್ಯಾಡ್, ಗೈಡು, ಗಣಿತದ ಟ್ಯೂಷನ್. ಸಣ್ಣ ಸಣ್ಣ ಮೊತ್ತ, ಆದರೆ ತಿಂಗಳು ತಿಂಗಳು ಬೇಕು. ಸಮಾರಂಭ ಮಾಡಿ ಬ್ಯಾಗು ಹಂಚಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ಅದರಿಂದ ಹಾಜರಿ ಹೆಚ್ಚಿದ್ದನ್ನು ನಾನಂತೂ ಕಂಡಿಲ್ಲ.

ಕಾಗದಪತ್ರ ಈಗಲೇ ನೋಡಿ

2024-25ರಿಂದ ಮಹಾರಾಷ್ಟ್ರ ಸರ್ಕಾರ ಇಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸುಗಳಲ್ಲಿ ಒಬಿಸಿ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರು) ವರ್ಗದ ಹುಡುಗಿಯರ ಬೋಧನಾ ಶುಲ್ಕವನ್ನು ಪೂರ್ತಿ ಭರಿಸುತ್ತಿದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿರಬೇಕು. ಇಲ್ಲಿ ನಮ್ಮವರು ಸಿಕ್ಕಿಹಾಕಿಕೊಳ್ಳುತ್ತಾರೆ. ಕರ್ನಾಟಕದ ಜಾತಿ ಸರ್ಟಿಫಿಕೇಟು ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ. ಡೊಮಿಸೈಲ್‌ಗೆ, ಅಂದರೆ ಇಲ್ಲಿನ ನಿವಾಸಿ ಎಂಬ ಸರ್ಟಿಫಿಕೇಟಿಗೆ, ಸಾಮಾನ್ಯವಾಗಿ 15 ವರ್ಷ ಇಲ್ಲೇ ಇದ್ದ ಪುರಾವೆ ಕೇಳುತ್ತಾರೆ. ಸೈಟಿನಿಂದ ಸೈಟಿಗೆ ಗುಡಾರ ಕಿತ್ತುಕೊಂಡು ಹೋಗುವವರು ಲೈಟ್ ಬಿಲ್ ಎಲ್ಲಿಂದ ತರಬೇಕು? ಹಣದ ಜೊತೆ ನಿಮ್ಮ ಒಂದು ರಜೆಯನ್ನೂ ಕೊಡಿ. ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿರುವಾಗಲೇ ಅಪ್ಪನ ಜೊತೆ ತಹಸೀಲ್ದಾರ್ ಕಚೇರಿಗೆ ಹೋಗಿ ಏನೇನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ವಿಚಾರಿಸಿ. ಸಿಗದಿದ್ದರೆ ಕಾಲೇಜಿನ ಫೀಸಿಗೂ ಈಗಿನಿಂದಲೇ ಕೂಡಿಡಬೇಕಾಗುತ್ತದೆ.

ಹಣ ಕೊಡುವ ದಾರಿ

ಹತ್ತು ವರ್ಷ ದಾಟಿದ ಮಕ್ಕಳು ತಾವೇ ನಡೆಸುವಂಥ ಉಳಿತಾಯ ಖಾತೆ ಬ್ಯಾಂಕುಗಳಲ್ಲಿದೆ. ಹಣ ಹುಡುಗಿಯ ಖಾತೆಗೇ ಹೋಗಲಿ, ಅವಳ ಅಮ್ಮನಿಗೆ ತಿಳಿಸಿಯೇ ಹೋಗಲಿ. ಆದರೆ ಹೀಗೆ ನೇರವಾಗಿ ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿ ಇಲ್ಲ. ಅದು ಬೇಕೆಂದರೆ 80ಜಿ ನೋಂದಣಿ ಇರುವ ಟ್ರಸ್ಟ್ ಮೂಲಕ ಕೊಡಿ. ನಗದು 2,000 ರೂಪಾಯಿ ದಾಟಿದರೆ ವಿನಾಯಿತಿಗೆ ಬರುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಇಲ್ಲವೇ ಇಲ್ಲ.

ಒಂದಿಷ್ಟು ಹಣವನ್ನು ಮುಟ್ಟದೆ ಮೇ ತಿಂಗಳಿಗೆ ಇಟ್ಟುಕೊಳ್ಳಿ. ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಕೂಡಲೇ ಹನ್ನೊಂದನೆಯ ಅಡ್ಮಿಷನ್ ಶುರುವಾಗುತ್ತದೆ. ಊರಿಗೆ ಕಳಿಸಿ ಮದುವೆ ಮಾಡುವ ಮಾತು ಏಳುವುದೂ ಆಗಲೇ. ಆ ವಾರ ಟೀಚರನ್ನು ಕರೆದುಕೊಂಡು ಅವರ ಮನೆಗೆ ಹೋಗಿ ಬನ್ನಿ, ಅಡ್ಮಿಷನ್ ಫಾರ್ಮನ್ನು ಅಲ್ಲೇ ಕೂತು ತುಂಬಿಸಿ.