ಚಿಟ್ಟೆ ರೆಕ್ಕೆಯ ಕಪ್ಪನ್ನು ಮನೆಯಲ್ಲೇ ಅಳೆದ ಬಗೆ

ಕಾಗೆಯ ಗರಿ, ಬಿದ್ರಿ ತಟ್ಟೆ, ಕಾಮನ್ ರೋಸ್ ಚಿಟ್ಟೆಯ ಹಿಂರೆಕ್ಕೆ. ಮೂರನ್ನೂ ಪರಸಿ ಕಲ್ಲು ಹಾಸಿದ ನೆಲದ ಮೇಲಿಟ್ಟು ನೆತ್ತಿಯ ಮೇಲಿಂದ ನೋಡಿದರೆ ಮೂರೂ ಕಪ್ಪೇ. ಕಿಟಕಿ ಬೆಳಕಿಗೆ ಮೆಲ್ಲಗೆ ವಾಲಿಸಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ತಟ್ಟೆ ಕನ್ನಡಿಯ ಹಾಗೆ ಮಿಂಚುತ್ತದೆ, ಗರಿಯ ಮೇಲೆ ನೀಲಿ ಹೊಳಪು ಹರಿಯುತ್ತದೆ, ರೆಕ್ಕೆ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಕಪ್ಪು ಅಳೆಯುವುದೆಂದರೆ ನಿಜಕ್ಕೂ ಉಳಿದ ಹೊಳಪನ್ನು ಅಳೆಯುವುದು. ಕಲಬುರಗಿಯ ನನ್ನ ಮನೆಯ ಒಂದು ಕೋಣೆಯಲ್ಲಿ ಹಾಕಿಕೊಂಡ ಜೋಡಣೆ ಇಲ್ಲಿದೆ.

ಮೊದಲು ಲೆಕ್ಕ. ಚಿಟ್ಟೆಯ ರೆಕ್ಕೆ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದ ಆದದ್ದು, ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಂಕಿ, ಸುಮಾರು 1.56. ನಯವಾದ ಕೈಟಿನ್ ಮೇಲೆ ಬೆಳಕು ನೇರ ಬಿದ್ದರೆ ಒಳಗೆ ಮೆಲನಿನ್ ಎಂಬ ಗಾಢ ಬಣ್ಣದ ವಸ್ತು ಎಷ್ಟೇ ಇರಲಿ, ಮೇಲ್ಮೈಯಿಂದಲೇ ಶೇ 4.8 ವಾಪಸ್ ಬರುತ್ತದೆ. ಬಣ್ಣ ಹೆಚ್ಚು ಬಳಿದರೆ ಇದು ಕಡಿಮೆಯಾಗದು. 2018ರಲ್ಲಿ ಪ್ರಕಟವಾದ ಬರ್ಡ್ಸ್ ಆಫ್ ಪ್ಯಾರಡೈಸ್ ಎಂಬ ಹಕ್ಕಿಗಳ ಅಧ್ಯಯನದಲ್ಲಿ ಸಾಮಾನ್ಯ ಕಪ್ಪು ಗರಿಗಳಿಂದ ಶೇ 3.2ರಿಂದ 4.7ರಷ್ಟು ಬೆಳಕು ಮರಳಿದರೆ, ಆ ಹಕ್ಕಿಗಳ ಅತಿಕಪ್ಪು ಗರಿಗಳಿಂದ ಮರಳಿದ್ದು ಶೇ 0.05ರಿಂದ 0.31 ಮಾತ್ರ. ಆ ಗರಿಗಳಿಗೆ ಚಿನ್ನದ ತೆಳು ಲೇಪ ಕೊಟ್ಟರೂ ಅವು ಕಪ್ಪಾಗಿಯೇ ಕಂಡವು, ಸಾಮಾನ್ಯ ಗರಿ ಚಿನ್ನದ ಬಣ್ಣಕ್ಕೆ ತಿರುಗಿತು. ಅಲ್ಲಿ ಬೆಳಕನ್ನು ನುಂಗುವುದರಲ್ಲಿ ಬಣ್ಣದಷ್ಟೇ ಪಾಲು ಆಕಾರಕ್ಕೂ ಇದೆ.

ಚಿಟ್ಟೆಯಲ್ಲಿ ಆ ಕೆಲಸ ಹುರುಪೆಯದು, ಅಂದರೆ ಬೆರಳಿಗೆ ಅಂಟುವ ಆ ಪುಡಿಯದು. ಪ್ರತಿ ಹುರುಪೆಯ ಮೇಲೆ ಉದ್ದುದ್ದ ಏಣು, ಏಣುಗಳ ನಡುವೆ ಸಣ್ಣ ಕಿಂಡಿ, ಕೆಳಪದರಕ್ಕೆ ಆನಿಸಿದ ಪುಟ್ಟ ಕಂಬ. ಕಿಂಡಿಯೊಳಗೆ ಇಳಿದ ಬೆಳಕು ಮೆಲನಿನ್ ತುಂಬಿದ ಗೋಡೆಗಳಿಗೆ ಮತ್ತೆ ಮತ್ತೆ ಬಡಿದು ಸೋಲುತ್ತದೆ. ಕೆಲವು ಚಿಟ್ಟೆಗಳು ಶೇ 0.06ರವರೆಗೆ ಇಳಿಯುತ್ತವೆ ಎಂದು 2020ರಲ್ಲಿ ತೋರಿಸಿದ್ದಾರೆ. ನಮ್ಮ ಕಾಮನ್ ರೋಸ್ ಆ ದಾಖಲೆಯ ಪಟ್ಟಿಯದೆಂದು ನಾನು ಹೇಳುವುದಿಲ್ಲ. ಆದರೆ ಅದರ ಹುರುಪೆಯ ಅಡ್ಡಾದಿಡ್ಡಿ ಕಿಂಡಿಗಳ ಜೋಡಣೆ ನೋಡಿಯೇ 2017ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು ತೆಳು ಸೌರಫಲಕದ ವಿನ್ಯಾಸ ಮಾಡಿದರು.

ಜೀವಂತ ಚಿಟ್ಟೆ ಹಿಡಿಯುವುದು ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿನ ರೇಡಿಯೇಟರ್ ಜಾಲರಿಯಲ್ಲಿ, ಜೇಡನ ಬಲೆಯ ಕೆಳಗೆ ಸತ್ತವು ಸಿಗುತ್ತವೆ. ಕೆಂಪು ಚುಕ್ಕೆ ದಟ್ಟವಾಗಿರುವ ಕ್ರಿಮ್ಸನ್ ರೋಸ್ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದ್ದ ಜಾತಿ, ಸತ್ತದ್ದನ್ನೂ ಮುಟ್ಟುವುದಿಲ್ಲ. ಎರಡನ್ನೂ ಗುರುತಿಸಲು ಬಾರದಿದ್ದರೆ ಎರಡನ್ನೂ ಬಿಡುವುದು ಲೇಸು.

ಇಲ್ಲಿನ ಬೇಸಿಗೆಯಲ್ಲಿ ರೆಕ್ಕೆ ಹಪ್ಪಳದಂತಾಗಿರುತ್ತದೆ, ಬಿಡಿಸಲು ಹೋದರೆ ಮುರಿಯುತ್ತದೆ. ಗಾಳಿಯಾಡದ ಡಬ್ಬಿಯ ತಳಕ್ಕೆ ಒದ್ದೆ ಟಿಶ್ಯೂ, ಬೂಷ್ಟು ತಡೆಯಲು ಚಿಟಿಕೆ ಥೈಮಾಲ್, ಮೇಲೆ ಜಾಲರಿ, ಅದರ ಮೇಲೆ ರೆಕ್ಕೆ. ಇಪ್ಪತ್ತನಾಲ್ಕು ಗಂಟೆ ಸಾಕು. ಎರಡು ದಿನ ಬಿಟ್ಟರೆ ಬೂಷ್ಟು ಹಿಡಿದು, ಅಳೆಯುವುದು ಬೂಷ್ಟಿನ ಬಿಳುಪನ್ನೇ ಆಗುತ್ತದೆ. ಧೂಳಿನ ಕಾಟ ಇನ್ನೂ ದೊಡ್ಡದು. ಪರಸಿ ಕಲ್ಲಿನ ಧೂಳು ಸುಣ್ಣದ ಜಾತಿಯದು, ಬಿಳಿಚಿದ್ದು. ಅದರ ನಾಲ್ಕು ಕಣ ಬಿದ್ದರೂ ಓದು, ಅಂದರೆ ಅಳತೆಯಲ್ಲಿ ಬರುವ ಅಂಕಿ, ಏರುತ್ತದೆ. ರಬ್ಬರ್ ಬಲ್ಬಿನಿಂದ ಊದಬೇಕು, ಬ್ರಷ್ ಆಡಿಸಿದರೆ ಧೂಳಿನ ಜೊತೆ ಹುರುಪೆಯೂ ಹೋಗುತ್ತದೆ. ಫ್ಯಾನ್ ಆಫ್.

ಇನ್ನು ಅಳತೆ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಅಂಕಿಗಳು) ಕೊಡುವ 14 ಬಿಟ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಸ್ಟ್ಯಾಂಡ್. ಕ್ಯಾಮೆರಾ ನೇರ ಮೇಲೆ, ಒಂದೇ ಎಲ್‌ಇಡಿ ದೀಪ 45 ಡಿಗ್ರಿ ಓರೆಯಲ್ಲಿ, 40 ಸೆಂಟಿಮೀಟರ್ ದೂರ. ದೀಪ ಬ್ಯಾಟರಿಯ ಮೇಲೇ ಇರಲಿ, ಸಂಜೆ ಹೊತ್ತಿನ ವೋಲ್ಟೇಜ್ ನಂಬುವಂಥದ್ದಲ್ಲ. ಐಎಸ್‌ಒ 100, ಅಪರ್ಚರ್ ಎಫ್ 8, ಎಲ್ಲವೂ ಮ್ಯಾನ್ಯುಯಲ್. ಮೊಬೈಲ್ ಫೋಟೋ ಇದಕ್ಕೆ ಬಾರದು, ಅದು ಕಪ್ಪನ್ನು ತಾನೇ ಇನ್ನಷ್ಟು ಕಪ್ಪು ಮಾಡಿ ಕೊಡುತ್ತದೆ. ಬಿಳಿಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್, ಗಾಜಿನ ಮೇಲೆ ಮೂವತ್ತು ಪದರ. ಅದನ್ನೇ ನೂರು ಎಂದು ಹಿಡಿದರೆ ಹೋಲಿಕೆಗೆ ಸಾಕು.

ಬಿಳಿಯನ್ನು 1/250 ಸೆಕೆಂಡಿಗೆ, ರೆಕ್ಕೆಯನ್ನು 1/4 ಸೆಕೆಂಡಿಗೆ ತೆಗೆಯುತ್ತೇನೆ. ಶಟರ್‌ನ ನಿಜವಾದ ವೇಗ ಎರಡರ ಘಾತಗಳಲ್ಲಿರುವುದರಿಂದ 1/250 ಎಂದು ಬರೆದದ್ದು ವಾಸ್ತವದಲ್ಲಿ 1/256, ಹಾಗಾಗಿ ಅನುಪಾತ 62.5 ಅಲ್ಲ, 64. ರಾ ಫೈಲ್ ಓದುವ ರಾಡಿಗರ್ ಎಂಬ ತಂತ್ರಾಂಶದಲ್ಲಿ ಹಸಿರು ಚಾನೆಲ್‌ನ ಸರಾಸರಿ ತೆಗೆದು, ಲೆನ್ಸ್ ಮುಚ್ಚಿ ತೆಗೆದ ಫ್ರೇಮಿನ ಸರಾಸರಿಯನ್ನು ಕಳೆಯಬೇಕು. ಬಿಳಿಗೆ 12000 ಬಂದು ರೆಕ್ಕೆಗೆ 7680 ಬಂದರೆ, 7680 ಭಾಗಿಸು 64 ಎಂದರೆ 120, ಅಂದರೆ ಶೇ 1.

ಇಷ್ಟಕ್ಕೇ ನಿಲ್ಲಿಸಿದರೆ ಉತ್ತರ ತಪ್ಪು. ಲೆನ್ಸಿನೊಳಗೆ ಚೆದುರಿದ ಬೆಳಕು ಕಪ್ಪಿನ ಮೇಲೆ ಮಂಜಿನಂತೆ ಕೂರುತ್ತದೆ. ಬಿಳಿ ಟೇಪು, ರೆಕ್ಕೆ ಎರಡೂ ಒಂದೇ ಫ್ರೇಮಿನಲ್ಲಿದ್ದರಂತೂ ಕೆಲಸ ಕೆಟ್ಟಂತೆ. ಹಾಗಾಗಿ ಬಿಳಿಗಿಂತ ಸೊನ್ನೆಗೆ ಹೆಚ್ಚು ಶ್ರಮ ಬೇಕು. 20 ಸೆಂಟಿಮೀಟರ್ ಘನದ ರಟ್ಟಿನ ಡಬ್ಬಿಯ ಒಳಗೆಲ್ಲ ಕಪ್ಪು ಮಖಮಲ್ (ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆ ಕಡೆಯ ಬಟ್ಟೆ ಅಂಗಡಿಯಲ್ಲಿ ಅರ್ಧ ಮೀಟರ್ ಸಾಕು), ಮುಚ್ಚಳದಲ್ಲಿ 10 ಮಿಲಿಮೀಟರ್ ರಂಧ್ರ. ಆ ರಂಧ್ರದ ವಿಸ್ತೀರ್ಣ ಒಳಗೋಡೆಯ ಮೂರು ಸಾವಿರದಲ್ಲಿ ಒಂದು ಪಾಲು, ಒಳಹೋದ ಬೆಳಕು ಹೊರದಾರಿ ಕಾಣುವುದಿಲ್ಲ. ಹುರುಪೆಯ ಕಿಂಡಿಯದೂ ಇದೇ ಉಪಾಯ, ಅಳತೆ ಬೇರೆ ಅಷ್ಟೆ. ಮಖಮಲ್ ಹೊದಿಸಿದ ಅದೇ ಮುಚ್ಚಳದ ಮೇಲೆ, ರಂಧ್ರದ ಮಗ್ಗುಲಲ್ಲೇ ರೆಕ್ಕೆ ಇಟ್ಟು, ರೆಕ್ಕೆಯ ಓದಿನಿಂದ ರಂಧ್ರದ ಓದನ್ನು ಕಳೆಯಿರಿ. ಇಷ್ಟೆಲ್ಲ ಮಾಡಿಯೂ ಶೇ 0.1ಕ್ಕಿಂತ ಕೆಳಗಿನ ಅಂಕಿ ಬಂದರೆ ನಾನು ಬರೆದುಕೊಳ್ಳುವುದಿಲ್ಲ.

ಆಮೇಲೆ ವಾಲಿಸುವುದು. ಕೋನಮಾಪಕ ಹಿಡಿದು ರಟ್ಟಿನ ಬೆಣೆ ಕತ್ತರಿಸಿಕೊಂಡು 0ಯಿಂದ 40 ಡಿಗ್ರಿವರೆಗೆ ಐದೈದು ಡಿಗ್ರಿಗೆ ಒಂದು ಓದು, ಜೊತೆಗೆ 22.5ರ ಒಂದು ಬೆಣೆ. ದೀಪ 45ರಲ್ಲಿ, ಕ್ಯಾಮೆರಾ ನೆತ್ತಿಯಲ್ಲಿ ಇದ್ದರೆ ದೀಪದ ಕಡೆ 22.5 ಡಿಗ್ರಿ ವಾಲಿದ ಮೇಲ್ಮೈ ನೇರ ಲೆನ್ಸಿಗೆ ಹೊಳೆಯುತ್ತದೆ. ಬಿದ್ರಿಯ ಬಣ್ಣ ಬಯಲಾಗುವುದು ಇಲ್ಲೇ. ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿ ಕಾಯಿಸಿದಾಗ ಸತು–ತಾಮ್ರದ ಮೇಲೆ ಏಳುವ ಕಪ್ಪು ಬಹಳ ಸೊಗಸು, ಆದರೆ ಅದು ನಯವಾದ ಲೋಹದ ಮೇಲಿನ ತೆಳು ಪದರ, ಮೇಲೆ ಎಣ್ಣೆ ಬೇರೆ ತಿಕ್ಕಿರುತ್ತಾರೆ. ಫ್ಲಾಟ್ ಇಟ್ಟು ತೆಗೆದ ಒಂದೇ ಓದು ನೋಡಿ ಬಿದ್ರಿ ಚಿಟ್ಟೆಗಿಂತ ಕಪ್ಪು ಎಂದು ಬರೆದುಬಿಡಬಹುದು, 22.5ರಲ್ಲಿ ಗ್ರಾಫ್ ಗೋಪುರವಾಗುತ್ತದೆ. ಕಾಗೆಯ ಗರಿಯದು ಸಣ್ಣ ಗುಡ್ಡ. ರೆಕ್ಕೆಯ ಗೆರೆ ಬಹುಪಾಲು ಸಪಾಟು.

ಲೆನ್ಸಿಗೂ ದೀಪಕ್ಕೂ ಒಂದಕ್ಕೊಂದು ಅಡ್ಡವಾಗಿ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ಹಾಕುವ ಬುದ್ಧಿ ಕೆಲವರು ಹೇಳುತ್ತಾರೆ. ಹಾಕಬೇಡಿ. ಅದು ಮೇಲ್ಮೈ ಹೊಳಪನ್ನೇ ಅಳಿಸುವುದರಿಂದ ಕಾಗೆಯ ಗರಿಯೂ ಅತಿಕಪ್ಪಾಗಿ ಬರುತ್ತದೆ.

ಕಪ್ಪು ಆಕಾರದ್ದೋ ಬಣ್ಣದ್ದೋ ಎಂದು ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದವರಿಗೆ ದ್ರವದ ಪರೀಕ್ಷೆ ಇದೆ. ರೆಕ್ಕೆಯ ತುಂಡನ್ನು ಬಿಳಿ ಕಾಗದದ ಮೇಲಿಟ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಬಿಡಿ. ಅದರ ಸೂಚ್ಯಂಕ 1.38ರ ಆಸುಪಾಸು. ಕಿಂಡಿಗಳಲ್ಲಿ ಗಾಳಿ ಇದ್ದ ಜಾಗಕ್ಕೆ ದ್ರವ ನುಗ್ಗಿದೊಡನೆ ಕಪ್ಪು ತಿಳಿಯಾಗಿ ಕಂದಿಗೆ ತಿರುಗುತ್ತದೆ, ಆ ಕಂದೇ ಮೆಲನಿನ್‌ನ ಸ್ವಂತ ಬಣ್ಣ. ಹನಿ ಆರಿದಂತೆ ಅಂಚಿನಿಂದ ಒಳಕ್ಕೆ ಕಪ್ಪು ಮರಳುತ್ತದೆ. ನಮ್ಮ ಏಪ್ರಿಲ್ ಸೆಕೆಗೆ ಹನಿ ಬೇಗ ಆರುವುದರಿಂದ ಕ್ಯಾಮೆರಾ ಫೋಕಸ್ ಮಾಡಿಟ್ಟೇ ಹನಿ ಬಿಡಬೇಕು. ಲವಂಗದೆಣ್ಣೆ 1.53, ಕೈಟಿನ್‌ಗೆ ಇನ್ನೂ ಹತ್ತಿರ, ಪರಿಣಾಮವೂ ಹೆಚ್ಚು ಸ್ಪಷ್ಟ. ಆದರೆ ಅದು ಆರುವುದಿಲ್ಲ, ತುಂಡು ಹೋದಂತೆಯೇ. ಬೇರೆ ಓದುಗಳೆಲ್ಲ ಮುಗಿದ ಮೇಲೆ, ಮುರಿದ ರೆಕ್ಕೆಯ ಮೇಲೆ ಮಾತ್ರ ಅದನ್ನು ಬಳಸುತ್ತೇನೆ.